ಗುಂಡ ಎಲ್ಲಿ ಮಲಗಬೇಕು?

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಾಯಿ ತರಲೆಂದು ಪ್ರಾಣಿಗಳ ಆಶ್ರಯಧಾಮಕ್ಕೆ ಹೋದಾಗ ಅಲ್ಲಿನ ಹೆಂಗಸು ಮೊದಲು ಕೇಳಿದ್ದು, "ರಾತ್ರಿ ಇದು ಎಲ್ಲಿ ಮಲಗುತ್ತದೆ?" ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಬೆಂಗಳೂರಿನ ಉತ್ತರಹಳ್ಳಿಯ ನಮ್ಮ ಮನೆಯಲ್ಲಿ ಆ ಪ್ರಶ್ನೆ ಎಂದೂ ಎದ್ದಿರಲಿಲ್ಲ. ನಾಯಿ ಎಂದರೆ ಹೊರಗೆ, ಅಷ್ಟೆ. ಆಕೆ ನಮ್ಮ ಮನೆಗೇ ಬಂದು, ಮಂಚದ ಪಕ್ಕ ಹಾಸಿದ್ದ ಚಾಪೆಯನ್ನು ನೋಡಿದ ಮೇಲೆಯೇ ನಾಯಿಯನ್ನು ಕೊಟ್ಟರು. ಆರು ವರ್ಷವಾಯಿತು, ಅದು ಅಲ್ಲೇ ಮಲಗುತ್ತದೆ.

ಈ ಜೂನ್‌ನಲ್ಲಿ ಬೆಂಗಳೂರಿಗೆ ಬಂದಾಗ ಗುಂಡನನ್ನು ಮೊದಲ ಸಲ ನೋಡಿದೆ. ಅಪ್ಪ ಎರಡು ವರ್ಷದ ಹಿಂದೆ ಬೀದಿಯಿಂದ ಎತ್ತಿಕೊಂಡು ಬಂದ ನಾಟಿ ನಾಯಿ. ಗೇಟಿನ ಕಂಬಕ್ಕೆ ಕಟ್ಟಿದ ನಾಲ್ಕಡಿ ಚೈನು, ಕೆಳಗೆ ಗ್ರಾನೈಟ್, ಒಂದು ಪಕ್ಕ ಕಾರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವನಿಗೂ ಇಲ್ಲ. ಬೀದಿಯಲ್ಲಿ ಸ್ಕೂಟರ್ ಹೋದರೆ ಬೊಗಳುವುದು, ಬೇರೆ ನಾಯಿ ಹೋದರೆ ಬೊಗಳುವುದು, ನಡುನಡುವೆ ಸಣ್ಣಗೆ ಕುಂಯ್‌ಗುಡುವುದು. ಮೂರು ಗಂಟೆಗೆ ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಅವನು ನನ್ನನ್ನು ಕಂಡದ್ದು ಅಂದೇ ಬೆಳಿಗ್ಗೆ. ಆದರೂ ಚೈನು ಎಟಕುವಷ್ಟು ಹತ್ತಿರ ಬಂದು, ನನ್ನ ಮೊಣಕಾಲಿಗೆ ಬೆನ್ನು ಒರಗಿಸಿ ಹತ್ತು ನಿಮಿಷದೊಳಗೆ ನಿದ್ದೆ ಹೋದ.

ಬೆಳಿಗ್ಗೆ ಒಳಗೆ ಮಲಗಿಸೋಣ ಎಂದೆ. "ದೇವರ ಮನೆ ಇದೆ ಕಣೋ, ಮಡಿ ಮೈಲಿಗೆ ಒಂದೂ ಬೇಡ್ವಾ?" ಎಂದರು ಅಮ್ಮ. "ಕಾವಲಿಗೆ ಅಂತ ತಂದಿದ್ದು ಕಣಪ್ಪ. ಒಳಗೆ ಮಲಗಿದ್ರೆ ಮನೆ ಕಾಯೋರು ಯಾರು?" ಎಂದರು ಅಪ್ಪ.

ಇಬ್ಬರ ಮಾತನ್ನೂ ನಾನು ತಳ್ಳಿಹಾಕಲಾರೆ. ಆ ಮಾತುಗಳು ಮಾಗಡಿ ಕಡೆಯ ನಮ್ಮ ಅಜ್ಜನ ಮನೆಯಿಂದ ಬಂದವು. ಅಲ್ಲಿ ನಾಯಿ ಹೊರಗೇ ಮಲಗುತ್ತಿತ್ತು, ನಿಜ. ಆದರೆ ಹೊರಗೆ ಅಜ್ಜನೂ ಮಲಗುತ್ತಿದ್ದರು. ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಅವರು, ಬೇಸಿಗೆಯಲ್ಲಿ ಅವರ ಪಕ್ಕ ನಾವು ಮೊಮ್ಮಕ್ಕಳು. ಆಚೆ ಕೊಟ್ಟಿಗೆಯಲ್ಲಿ ದನ ಮೆಲುಕು ಹಾಕುವ ಸದ್ದು. ನಾಯಿ ಜಗಲಿಯ ಕೆಳಗೆ ಮಲಗುತ್ತಿತ್ತು, ಚಳಿಗಾಲದಲ್ಲಿ ಹಿತ್ತಿಲಿನ ಬೆಚ್ಚನೆಯ ಬೂದಿಗುಂಡಿಯಲ್ಲಿ. ಅದರ ಕೊರಳಿಗೆ ಚೈನು ಇದ್ದ ನೆನಪೇ ನನಗಿಲ್ಲ. ಅಜ್ಜ ಕೆಮ್ಮಿದರೆ ಅದು ತಲೆಯೆತ್ತಿ ನೋಡಿ ಮತ್ತೆ ಮಲಗುತ್ತಿತ್ತು.

ಆ ಮನೆಯ ನಿಯಮವನ್ನು ನಾವು ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿಗೆ ಹೊತ್ತು ತಂದೆವು. ಜಗಲಿಯನ್ನು ತರಲಿಲ್ಲ, ಹಿತ್ತಿಲನ್ನು ತರಲಿಲ್ಲ. ಕೊಟ್ಟಿಗೆ ಇದ್ದ ಕಡೆ ಕಾರು ಬಂತು, ಜಗಲಿಯ ಜಾಗಕ್ಕೆ ಕಬ್ಬಿಣದ ಗ್ರಿಲ್ ಬಂತು, ಜನರೆಲ್ಲ ಮೊದಲ ಮಹಡಿಯ ಮಲಗುವ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ನಾಯಿ ಮಾತ್ರ ಹೊರಗೇ ಉಳಿಯಿತು. ನಮ್ಮ ಬೀದಿ ತುದಿಯ ಇಸ್ತ್ರಿ ಗಾಡಿಯ ಕೆಳಗೆ ಒಂದು ಬೀದಿನಾಯಿ ಮಲಗುತ್ತದೆ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅಪಾರ್ಟ್‌ಮೆಂಟಿನ ವಾಚ್‌ಮನ್ ಕೂತಿರುತ್ತಾರೆ. ಅದರ ನಿದ್ದೆ ಗುಂಡನ ನಿದ್ದೆಗಿಂತ ಎಷ್ಟೋ ಮೇಲು. ಅದಕ್ಕೆ ಮನೆಯಿಲ್ಲದಿದ್ದರೂ ಪಕ್ಕದಲ್ಲಿ ಮನುಷ್ಯನ ಉಸಿರಿದೆ.

ನನಗೆ ಇದೇ ಮುಖ್ಯ. ತನ್ನವರು ಉಸಿರಾಡುವುದು ಕೇಳುವಷ್ಟು ಹತ್ತಿರದಲ್ಲಿ ನಾಯಿ ಮಲಗಬೇಕು. ಇವತ್ತಿನ ಬೆಂಗಳೂರಿನ ಮನೆಗಳಲ್ಲಿ ಹಾಗೆ ಮಲಗಲು ಮನೆಯೊಳಗಲ್ಲದೆ ಬೇರೆ ಜಾಗವಿಲ್ಲ.

ಇನ್ನು ಕಾವಲಿನ ಮಾತು. ನಮ್ಮ ಕಿವಿಗೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಗೆ ಅದರ ಎರಡರಷ್ಟಕ್ಕೂ ಹೆಚ್ಚು ಕೇಳುತ್ತದೆ. ಹಾಲ್‌ನಲ್ಲಿ ಮಲಗಿದ್ದರೂ ಗೇಟಿನ ಚಿಲಕ ಅಲುಗಿದ್ದು ಅದಕ್ಕೆ ಗೊತ್ತಾಗುತ್ತದೆ. ಗೇಟಿಗೆ ಕಟ್ಟಿದ ನಾಯಿ ರಾತ್ರಿಯಿಡೀ ಎಲ್ಲಕ್ಕೂ ಬೊಗಳುವುದರಿಂದ ಮನೆಯವರು ಏಳುವುದನ್ನೇ ಬಿಡುತ್ತಾರೆ. ಗುಂಡ ಐವತ್ತು ಸಲ ಬೊಗಳಿದರೂ ಅಪ್ಪ ಮಗ್ಗುಲು ಬದಲಿಸುವುದಿಲ್ಲ. ಒಳಗಿನಿಂದ ಒಂದೇ ಸಲ ಬೊಗಳಿದರೆ ಏಳದೆ ಇರುತ್ತಾರೆಯೇ? ಇನ್ನೊಂದನ್ನು ನಮ್ಮ ಕಡೆಯವರು ಮರೆಯಬಾರದು. 2022ರ ಡಿಸೆಂಬರ್‌ನಲ್ಲಿ ತುರಹಳ್ಳಿ ಕಾಡಿನ ಆಸುಪಾಸಿನಲ್ಲಿ ಚಿರತೆ ಕಾಣಿಸಿಕೊಂಡು ಊರೆಲ್ಲ ಸುದ್ದಿಯಾಗಿತ್ತು. 2023ರ ಅಕ್ಟೋಬರ್ ಕೊನೆಯಲ್ಲಿ ಕೂಡ್ಲು ಗೇಟ್ ಹತ್ತಿರವೂ ಒಂದು ಬಂದಿತ್ತು. ಊರಂಚಿಗೆ ಬರುವ ಚಿರತೆಗೆ ನಾಯಿ ಸುಲಭದ ಬೇಟೆ. ಚೈನಿಗೆ ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ.

ದೀಪಾವಳಿಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಇನ್ನೊಂದು ನಾಯಿಯಿತ್ತು. ಬಲಿಪಾಡ್ಯಮಿಯ ರಾತ್ರಿ ಬೀದಿಯಲ್ಲಿ ಆಟಂ ಬಾಂಬ್ ಸಿಡಿಯುವಾಗ ನಾವೆಲ್ಲ ಒಳಗೆ ಊಟಕ್ಕೆ ಕೂತಿದ್ದೆವು. ಬೆಳಿಗ್ಗೆ ನೋಡಿದರೆ ಹರಿದ ಕೊರಳಪಟ್ಟಿ ಮಾತ್ರ ಇತ್ತು. ಒಂದು ತಿಂಗಳು ಹುಡುಕಿದರೂ ನಾಯಿ ಸಿಗಲಿಲ್ಲ. ಜರ್ಮನಿಯಲ್ಲೂ ಹೊಸವರ್ಷದ ರಾತ್ರಿ ವಿಪರೀತ ಪಟಾಕಿ. ದೊಡ್ಡ ಪಟಾಕಿಗಳ ಮಾರಾಟ ವರ್ಷದ ಕೊನೆಯ ಮೂರು ದಿನ ಮಾತ್ರ, ಆದರೆ ಆ ಒಂದು ರಾತ್ರಿಯಲ್ಲಿ ಎಲ್ಲ ಮುಗಿಸುತ್ತಾರೆ. ಅಂದು ನಮ್ಮ ಕೆಳಮನೆಯ ಮುದುಕ ದಂಪತಿ ಎಲ್ಲಿಗೂ ಹೋಗುವುದಿಲ್ಲ. ಕಿಟಕಿಯ ಷಟರ್ ಇಳಿಸಿ, ರೇಡಿಯೋ ದೊಡ್ಡದಾಗಿ ಹಾಕಿ, ನಾಯಿಯ ಮೈಮೇಲೆ ಕೈಯಿಟ್ಟು ನೆಲದ ಮೇಲೆ ಕೂತಿರುತ್ತಾರೆ.

ನಾಯಿಯನ್ನು ಒಳಗೇ ಇಡಬೇಕೆಂದು ಅಲ್ಲಿನ ಕಾನೂನು ಹೇಳುವುದಿಲ್ಲ. ಹೊರಗೆ ಇಡುವುದಾದರೆ ಚಳಿ ತಡೆಯುವ ಗೂಡು ಬೇಕು, ಗೂಡಿನ ಹೊರಗೂ ನೆರಳಿನಲ್ಲಿ ನೆಲದ ತಣ್ಣಸ ತಟ್ಟದ ಮಲಗುವ ಜಾಗ ಬೇಕು. ಬೇಲಿಯೊಳಗೆ ಕೂಡಿದರೆ, ಭುಜದೆತ್ತರ 50 ಸೆಂ.ಮೀ. ತನಕದ ನಾಯಿಗೂ ಕನಿಷ್ಠ 6 ಚದರ ಮೀಟರ್ ಕೊಡಬೇಕು. 2022ರ ಜನವರಿ 1ರಿಂದ ಕಟ್ಟಿಹಾಕಿ ಸಾಕುವುದೇ ನಿಷಿದ್ಧ, ಕೆಲಸದ ನಾಯಿಗಳಿಗೆ ಮಾತ್ರ ಷರತ್ತಿನ ಮೇಲೆ ವಿನಾಯಿತಿ. ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ವಿಪರೀತ ಹೊತ್ತು ಗಿಡ್ಡ ಚೈನಿಗೆ ಕಟ್ಟಿಡುವುದನ್ನೂ, ಸದಾ ಕಟ್ಟಿರುವ ನಾಯಿಯನ್ನು ಓಡಾಡಿಸದೆ ಇರುವುದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೇ ಕ್ರೌರ್ಯವೆಂದು ಬರೆದಿದೆ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಇಷ್ಟು ವರ್ಷ ಅದನ್ನು ಹಾಗೇ ಬಿಟ್ಟಿರುವುದು ನನಗೆ ನಾಚಿಕೆಯ ವಿಷಯ.

ಹಾಗೆಂದು ನಾಯಿಯ ಮೇಲಿನ ಪ್ರೀತಿಯನ್ನು ಪರದೇಶದಿಂದ ಕಲಿಯಬೇಕು ಎನ್ನುವವನಲ್ಲ ನಾನು. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಕಡೆಯ ಆತಕೂರಿನಿಂದ ತಂದ ವೀರಗಲ್ಲಿದೆ. ಸುಮಾರು 950ರ ಕಾಲದ್ದು. ಗಂಗರ ದೊರೆ ಬೂತುಗನ ಕಡೆಯ ಮಣಲೇರ ಎಂಬ ವೀರ ಚೋಳರ ಮೇಲಿನ ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ. ಏನು ಬೇಕೋ ಕೇಳಿಕೊ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾಯಿಗೆ ದೇವಸ್ಥಾನದ ಎದುರು ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಈ ಸಲ ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕಲ್ಲಿನಲ್ಲಿ ಕೆತ್ತಿದ ಹಂದಿ-ನಾಯಿಯನ್ನು ಅವರು ಬಹಳ ಹೊತ್ತು ನೋಡಿದರು. ಇಂಥ ಕಲ್ಲು ನೆಟ್ಟವರ ಭಾಷೆಯಲ್ಲೇ ಕಷ್ಟದ ಬದುಕಿಗೆ "ನಾಯಿಪಾಡು" ಎಂಬ ಹೆಸರೂ ಇದೆ. ಗೇಟಿನ ಹತ್ತಿರ ಕೂತ ಆ ರಾತ್ರಿ ನನಗೆ ಆ ಮಾತು ಬಿಡದೆ ಕಾಡಿತ್ತು.

ನಾಯಿಯನ್ನು ಒಳಗೆ ಬಿಟ್ಟರೆ ಉಣ್ಣೆ ಹುಳ ಬರುತ್ತದೆಂಬ ಭಯ ಸುಳ್ಳಲ್ಲ. ಅದು ಗೋಡೆಯ ಬಿರುಕಿನಲ್ಲೂ ಸೇರಿಕೊಳ್ಳುತ್ತದೆ, ನಾಯಿಗೆ ಜ್ವರ ತರುತ್ತದೆ. ಡಾಕ್ಟರು ಹೇಳಿದ ಔಷಧಿಯನ್ನು ತಪ್ಪದೆ ಹಾಕಬೇಕು, ಹಾಸಿಗೆ ಒಗೆಯಬೇಕು. ಹೊರಗಿದ್ದರೂ ಅದನ್ನು ಮಾಡಲೇಬೇಕಿತ್ತು.

ಇಲ್ಲಿರುವ ಒಂದು ಭಾಗ್ಯ ಸ್ಟುಟ್‌ಗಾರ್ಟ್‌ನಲ್ಲಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುವ ದಿನಗಳಲ್ಲಿ ನಮ್ಮ ನಾಯಿ ಮಧ್ಯಾಹ್ನದವರೆಗೆ ಬಾಗಿಲನ್ನೇ ನೋಡುತ್ತಾ ಒಂಟಿಯಾಗಿ ಮಲಗಿರುತ್ತದೆ. ಉತ್ತರಹಳ್ಳಿಯ ಮನೆಯಲ್ಲಿ ಯಾವಾಗಲೂ ಒಬ್ಬರಿರುತ್ತಾರೆ. ಸೊಪ್ಪು ಬಿಡಿಸುತ್ತಾ ಅಮ್ಮ ಗುಂಡನ ಜೊತೆ ಮಾತಾಡುತ್ತಲೇ ಇರುತ್ತಾರೆ, ಮೊಸರನ್ನ ಕಲಸಿ ಮೊದಲ ತುತ್ತು ಅವನಿಗೇ. ಹಗಲೆಲ್ಲ ಇಷ್ಟು ಪ್ರೀತಿ ಕೊಟ್ಟು ರಾತ್ರಿ ಒಂಬತ್ತಕ್ಕೆ ಗ್ರಿಲ್ ಎಳೆದುಬಿಡುವುದು ನನಗೆ ಸಹಿಸಲಾಗದ್ದು.

ಹೊರಡುವ ವಾರ ಅಮ್ಮನೇ ದಾರಿ ಹುಡುಕಿದರು. ದೇವರ ಮನೆಗೆ ಬಾಗಿಲಿದೆ, ಅಡುಗೆಮನೆಯ ಹೊಸ್ತಿಲಿಗೆ ಒಂದು ಹಲಗೆ ಅಡ್ಡ ಇಡಬಹುದು, ಮುಂಬಾಗಿಲ ಒಳಗೆ ಗೋಣಿಚೀಲದ ಮೇಲೆ ಹಳೆಯ ಕಂಬಳಿ. "ಬೆಳಿಗ್ಗೆ ಎದ್ದು ನೆಲ ಒರೆಸೋದು ಇದ್ದದ್ದೇ" ಎಂದರು. ಮೊದಲ ರಾತ್ರಿ ಗುಂಡ ಒಂದು ಗಂಟೆ ಸುತ್ತುಹಾಕಿ, ಆಮೇಲೆ ಬೆಳಗಿನ ಹಾಲಿನವನು ಬರುವ ತನಕ ಎದ್ದಿಲ್ಲ. ಬೊಗಳಿದ್ದು ಹಾಲಿನವನಿಗೆ, ಒಂದೇ ಸಲ.

ಅಪ್ಪ ಚೈನನ್ನು ಎಸೆದಿಲ್ಲ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಎತ್ತಿಟ್ಟಿದ್ದಾರೆ. ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ ಎನ್ನುತ್ತಾರೆ. ದೀಪಾವಳಿ ಮುಗಿಯುವವರೆಗಾದರೂ ತೆಗೆಯಬೇಡಿ ಎಂದು ಕೇಳಿಕೊಂಡು ಬಂದಿದ್ದೇನೆ.