ಟುವಾಲು ಬೇರೆ, ಟೋಂಗಾ ಬೇರೆ
ಹಂದಿ ಹೊಲಸಿಗೆ ಪೆಸಿಫಿಕ್ ಸಾಗರದ ಈ ಎರಡೂ ದ್ವೀಪ ದೇಶದಲ್ಲಿ ಗೋಬರ್ ಗ್ಯಾಸ್ ಒಂದೇ ಮದ್ದು ಅಂತ ಲೇಖನವೊಂದರಲ್ಲಿದೆ. ಅಷ್ಟು ಸುಲಭವಿಲ್ಲ ಸಾರ್. ಟುವಾಲುವಿನ ಒಟ್ಟು ನೆಲವೇ 26 ಚದರ ಕಿ.ಮೀ. ಅದರ ರಾಜಧಾನಿ ಫುನಾಫುಟಿಯಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕನ್ನರು ರನ್‌ವೇಗೆಂದು ಅಗೆದು ಬಿಟ್ಟ ಹೊಂಡಗಳ ಅಂಚಿನಲ್ಲೇ ಎಷ್ಟೋ ವರ್ಷ ಹಂದಿಗೂಡುಗಳಿದ್ದವು. ಗೂಡು ತೊಳೆದ ನೀರು ಹವಳದ ಮರಳಲ್ಲಿ ಸೀದಾ ಇಂಗುತ್ತದೆ. ಜನರಿಗೆ ಕುಡಿಯಲು ಮಳೆನೀರೇ ಗತಿ. 2011ರ ಬರದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ ದೇಶವಿದು. ಗ್ಯಾಸ್ ಗುಂಡಿಗೆ ಹೊಲಸು ಕದಡಿ ಹಾಕಲು ನೀರೆಲ್ಲಿಂದ ತರೋಣ?

ಅಲ್ಲಿಗೆ ಒಣ ಹಾಸಿನ ಗೂಡೇ ಸರಿ. ಇಳಿಜಾರು ನೆಲ, ಅದರ ಮೇಲೆ ಚೂರು ಮಾಡಿದ ತೆಂಗಿನ ಸಿಪ್ಪೆ, ಗರಿ. ಹಂದಿ ತುಳಿದ ಹಾಗೆ ಎಲ್ಲ ತಾನಾಗಿ ಕೆಳಗೆ ಜಾರುತ್ತದೆ, ರಾಶಿ ಹಾಕಿ ಕೊಳೆಸಿದರೆ ಗೊಬ್ಬರ. ಹಿಡಿ ಮಣ್ಣಿಗೂ ಬರವಿರುವ ಹವಳದ್ವೀಪದಲ್ಲಿ ಅದು ಚಿನ್ನವೇ.

ಟೋಂಗಾದ ಮುಖ್ಯ ದ್ವೀಪ ಟೋಂಗಾಟಾಪುವಿನಲ್ಲಿ ಜ್ವಾಲಾಮುಖಿ ಬೂದಿಯ ಒಳ್ಳೆ ಮಣ್ಣಿದೆ, ಆ ಚಿಂತೆ ಕಮ್ಮಿ. ಹಂದಿಗಳೋ ರಸ್ತೆಯಲ್ಲಿ, ಅಂಗಳದಲ್ಲಿ, ಇಳಿತದ ಹೊತ್ತಿಗೆ ಸಮುದ್ರಕ್ಕೇ ಇಳಿದು ತಿನ್ನಲು ಹುಡುಕುವ ಹಂದಿಗಳೂ ಉಂಟು (ನಿಜಕ್ಕೂ!). ಗೂಡನ್ನೇ ಕಾಣದ ಹಂದಿಯ ಹಿಂದೆ ಬುಟ್ಟಿ ಹಿಡಿದು ಓಡುವವರು ಯಾರು? ಲೇಖಕರು ಗ್ಯಾಸಿಗಿಂತ ಮೊದಲು ಬೇಲಿಯ ಖರ್ಚು ಹೇಳಬೇಕಿತ್ತು.