ತನಗಿಂತ ಕಥೆ ದೊಡ್ಡದು ಅಂದುಕೊಂಡ ಶಂಕ್ರಣ್ಣ

ಆಟೋ ಹಿಂದೆ ಶಂಕರ್ ನಾಗ್ ಚಿತ್ರ ಕಂಡರೆ ನನಗೆ ಈಗಲೂ ಖುಷಿಯಾಗುತ್ತದೆ. ಅವರು ತೀರಿಕೊಂಡಾಗ ಹುಟ್ಟಿಯೇ ಇರದಿದ್ದ ಹುಡುಗರೂ ಅವರನ್ನು ಶಂಕ್ರಣ್ಣ ಅಂತಲೇ ಕರೆಯುತ್ತಾರೆ. ಆದರೆ ಆ ಚಿತ್ರದಲ್ಲಿರುವುದು 'ಆಟೋ ರಾಜ'ನ ಶಂಕರ್ ನಾಗ್. ನನಗೆ ಅವರಿಗಿಂತ ಜಾಸ್ತಿ ಇಷ್ಟ ನಿರ್ದೇಶಕ ಶಂಕರ್ ನಾಗ್.

ಕನ್ನಡದಲ್ಲಿ ಅವರ ಮೊದಲ ಸಿನಿಮಾ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ'. ಅದಕ್ಕೇ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಅಲ್ಲಿಂದ ಮುಂದೆ ಹೊಡೆದಾಟದ ಸಿನಿಮಾಗಳು ಸಾಲುಗಟ್ಟಿದವು. ಅಂಥ ಹೀರೋ ನಿರ್ದೇಶನಕ್ಕೆ ಇಳಿದರೆ ಏನಾಗಬಹುದು? ಪ್ರತಿ ಫ್ರೇಮಿನಲ್ಲೂ ಅವನೇ ಇರುತ್ತಾನೆ ಅಲ್ವಾ?

ಇವರು ಹಾಗೆ ಮಾಡಲಿಲ್ಲ. 1980ರಲ್ಲಿ 'ಮಿಂಚಿನ ಓಟ' ನಿರ್ದೇಶಿಸಿದಾಗ ಅವರಿಗೆ ಇನ್ನೂ 25 ವರ್ಷ. ಅದು ಕಾರು ಕಳ್ಳರ ಕಥೆ. ಅಣ್ಣ ಅನಂತ್ ನಾಗ್ ಮತ್ತು ಲೋಕನಾಥ್ ಜೊತೆ ತಾನೂ ಒಬ್ಬ ಕಳ್ಳ, ಅಷ್ಟೇ. ಮುಂದೆ 'ಗೀತಾ'ದಲ್ಲಿ ಅವರೇ ಹೀರೋ, ನಿಜ. ಆದರೆ ಸಿನಿಮಾದ ಹೆಸರು ಹೀರೋಯಿನ್ನದು.

'ಆಕ್ಸಿಡೆಂಟ್' ನೋಡಿದಾಗಲಂತೂ ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯಿತು. ರಾಜಕಾರಣಿಯ ಮಗ ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಕಾರು ಹರಿಸುತ್ತಾನೆ. ಅಪ್ಪ ಅದನ್ನು ಮುಚ್ಚಿಹಾಕಲು ಹೊರಡುತ್ತಾನೆ. ಆ ಅಪ್ಪನ ಪಾತ್ರ ಅನಂತ್ ನಾಗ್ ಅವರದು. ಶಂಕರ್ ನಾಗ್ ಸತ್ಯದ ಬೆನ್ನು ಹತ್ತಿದ ಪತ್ರಕರ್ತ. ಕರಾಟೆ ಹೊಡೆತಕ್ಕೆ ಶಿಳ್ಳೆ ಬೀಳುತ್ತಿದ್ದ ಕಾಲದಲ್ಲಿ ಆ ನಟ ಇಲ್ಲಿ ಪೆನ್ನು ಹಿಡಿದು ಓಡಾಡುತ್ತಾನೆ. ಈ ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ಬರದಿದ್ದರೂ ನನ್ನ ಅಭಿಪ್ರಾಯ ಇದೇ ಇರುತ್ತಿತ್ತು.

ಆಮೇಲೆ 'ಮಾಲ್ಗುಡಿ ಡೇಸ್' ಧಾರಾವಾಹಿ. ಆರ್.ಕೆ. ನಾರಾಯಣ್ ಬರೆದ, ಯಾವ ನಕಾಶೆಯಲ್ಲೂ ಇಲ್ಲದ ಊರನ್ನು ಅವರು ಆಗುಂಬೆಯಲ್ಲಿ ಕಟ್ಟಿದರು. ಅಲ್ಲಿನ ದೊಡ್ಡಮನೆಯೇ ಕಥೆಯ ಹುಡುಗ ಸ್ವಾಮಿಯ ಮನೆಯಾಯಿತು. ಅರಸಾಳಿನ ಪುಟ್ಟ ರೈಲು ನಿಲ್ದಾಣ ಮಾಲ್ಗುಡಿ ಸ್ಟೇಷನ್ ಆಯಿತು. ಇಲ್ಲಿ ಹೀರೋ ಯಾರು? ಸ್ವಾಮಿಯಾದ ಮಾಸ್ಟರ್ ಮಂಜುನಾಥ್, ಒಬ್ಬ ಚಿಕ್ಕ ಹುಡುಗ! ಪರೀಕ್ಷೆಯ ಭಯ, ಕ್ರಿಕೆಟ್ ಹುಚ್ಚು, ಅಪ್ಪನ ಗದರಿಕೆ, ಅಜ್ಜಿಯ ಮಡಿಲು. ಇಷ್ಟನ್ನೇ ಇಟ್ಟುಕೊಂಡು ಅವರು ಇಡೀ ದೇಶವನ್ನು ದೂರದರ್ಶನದ ಮುಂದೆ ಕೂರಿಸಿದರು. ಹಿಂದಿಯಲ್ಲಿ ಮಾತಾಡಿದರೂ ಅಲ್ಲಿನ ಮಳೆ, ಹೆಂಚಿನ ಮನೆ, ಜಗಲಿ ಎಲ್ಲ ನಮ್ಮ ಮಲೆನಾಡಿನವು.

1990ರ ಸೆಪ್ಟೆಂಬರ್ 30. 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಹೊರಟಿದ್ದವರು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ಬರೀ 35 ವರ್ಷ. ನಿರ್ದೇಶಕನಾಗಿ ಅವರಿಗೆ ಸಿಕ್ಕಿದ್ದು ಹತ್ತು ವರ್ಷವಷ್ಟೇ. ಇದನ್ನು ನೆನೆದರೆ ನನಗೆ ನಿಜವಾಗಲೂ ಸಂಕಟವಾಗುತ್ತದೆ.

ಹುಟ್ಟುಹಬ್ಬಕ್ಕೆ ನವೆಂಬರ್ 9ರಂದು ಎಲ್ಲರೂ ಅವರ ಫೋಟೋ ಹಾಕುತ್ತೀರಿ, ಹಾಕಿ. ಅದರ ಜೊತೆಗೆ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ವಾಮಿಯ ಒಂದು ಕಂತು ಹಾಕಿ. ಮಕ್ಕಳು ಮಲಗಿದ ಮೇಲೆ ನೀವು 'ಆಕ್ಸಿಡೆಂಟ್' ನೋಡಿ.