ಫೋನಲ್ಲಿ ಪಾಪನಿವೇದನೆಗೆ ಪೋಪ್ ಪರ್ಮಿಶನ್ ಕೊಟ್ಟಿದ್ರಾ?

ಕೊರೊನಾ ಟೈಮಲ್ಲಿ ಪೋಪ್ ಫ್ರಾನ್ಸಿಸ್ ಅವ್ರು ಫೋನಲ್ಲೇ ಪಾಪನಿವೇದನೆ (ಫಾದರ್ ಹತ್ರ ಪಾಪ ಹೇಳ್ಕೊಂಡು ಕ್ಷಮೆ ಕೇಳೋದು) ಮಾಡ್ಬಹುದು ಅಂದಿದ್ರು ಅಂತ ನಮ್ಮ ಶಿವಾಜಿನಗರದ ವಾಟ್ಸಾಪ್ ಗ್ರೂಪುಗಳಲ್ಲಿ ಮತ್ತೆ ಫಾರ್ವರ್ಡ್ ಓಡಾಡ್ತಿದೆ. ಅದು ಸುಳ್ಳು. ಅವ್ರು 2020ರ ಮಾರ್ಚ್ 20ರಂದು ಹೇಳಿದ್ದು ಇಷ್ಟೇ, ಲಾಕ್‌ಡೌನಲ್ಲಿ ಫಾದರ್ ಸಿಗದಿದ್ರೆ ನೇರವಾಗಿ ದೇವರ ಹತ್ರ ಮಾತಾಡಿ, ಮನಸಾರೆ ಪಶ್ಚಾತ್ತಾಪ ಪಡಿ, ಆಮೇಲೆ ಪಾಪನಿವೇದನೆ ಮಾಡ್ತೀನಿ ಅಂತ ಮಾತು ಕೊಡಿ. ಆ "ಆಮೇಲೆ"ನ ಫಾರ್ವರ್ಡ್ ಮಾಡೋರು ನೀಟಾಗಿ ನುಂಗ್ಬಿಟ್ಟಿದ್ದಾರೆ! ಅದೇ ದಿನ ವ್ಯಾಟಿಕನ್ ಕೊಟ್ಟ ಸೂಚನೆಲೂ ಫೋನ್ ಮಾತೇ ಇಲ್ಲ, ಗಾಳಿಯಾಡೋ ಜಾಗ, ಮಧ್ಯೆ ಅಂತರ, ಮಾಸ್ಕು, ಹೇಳ್ಕೊಂಡ ಪಾಪದ ಗುಟ್ಟು ಮಾತ್ರ ಹೊರಗೆ ಹೋಗ್ಬಾರ್ದು ಅಂತಿತ್ತು, ಅದಕ್ಕೇ ಎಷ್ಟೋ ಕಡೆ ಚರ್ಚ್ ಅಂಗಳದಲ್ಲೇ ಎರಡು ಕುರ್ಚಿ ದೂರ ದೂರ ಹಾಕಿ ಕೂರಿಸ್ತಿದ್ರು. ಲಾಕ್‌ಡೌನಲ್ಲಿ ಯೂಟ್ಯೂಬಲ್ಲಿ ಚರ್ಚ್ ಪೂಜೆ ನೋಡಿದ್ದು ಬೇರೆ ವಿಷ್ಯ, ಅದನ್ನ ಇದಕ್ಕೆ ತಳುಕು ಹಾಕ್ಬೇಡಿ.